ಅಪ್ಪನ ಪೆನ್ಶನ್ ಅವ್ವನ ಹೆಸರಿಗೆ ಬರಲು ಏಳು ತಿಂಗಳು

ಮೊನ್ನೆ ಆಗಸ್ಟ್ 29ರ ಸಂಜೆ ಅವ್ವನ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂತು. ಫ್ಯಾಮಿಲಿ ಪೆನ್ಶನ್ ಜಮಾ ಆಗಿತ್ತು, ಬಾಕಿಯೂ ಸೇರಿ. ಅಪ್ಪ ತೀರಿಕೊಂಡು ಏಳು ತಿಂಗಳು ಹತ್ತು ದಿನ ಆಗಿತ್ತು. ಈ ಏಳು ತಿಂಗಳಲ್ಲಿ ನಾನು ಕಲಿತದ್ದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಸೇನೆಯಿಂದ ನಿವೃತ್ತರಾದ ಹಿರಿಯರಿದ್ದರೆ ಉಪಯೋಗಕ್ಕೆ ಬರಬಹುದು.

ಅಪ್ಪ ನೌಕಾಪಡೆಯಲ್ಲಿ ಇಂಜಿನಿಯರಿಂಗ್ ಅಧಿಕಾರಿಯಾಗಿದ್ದರು. ಕಮಾಂಡರ್ ಆಗಿ 2005ರ ಜೂನ್ ಕೊನೆಗೆ ನಿವೃತ್ತರಾದರು. ಆಮೇಲೆ ಬೆಳಗಾವಿಯಲ್ಲಿ ನೆಲೆ ನಿಂತೆವು. 2025ರ ಜನವರಿ 19ರ ಬೆಳಗಿನ ಜಾವ ಹೃದಯಾಘಾತವಾಗಿ ಹೋದರು. ಆಗ ಅವರಿಗೆ 73 ವರ್ಷ.

ಹದಿಮೂರನೇ ದಿನ ಮುಗಿದ ಮೇಲೆ ಅವ್ವ ಕಪಾಟಿನಿಂದ ಒಂದು ನೀಲಿ ಫೈಲ್ ತಂದು ನನ್ನ ಮುಂದೆ ಇಟ್ಟಳು. ಮೇಲೆ ಅಪ್ಪನ ಡ್ರಾಯಿಂಗ್ ಶೀಟಿನ ಅಕ್ಷರದಲ್ಲಿ 'ನಾನು ಹೋದ ಮೇಲೆ' ಎಂದು ಬರೆದಿತ್ತು. ಒಳಗೆ ಒಂದು ಪುಟ. 1ರಿಂದ 11ರವರೆಗೆ ನಂಬರ್ ಹಾಕಿ, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಕಾಗದ ಎಲ್ಲಿದೆ, ಎಲ್ಲ ಬರೆದಿದ್ದರು. ಹಡಗಿನ ಬಾಯ್ಲರ್ ಹೊತ್ತಿಸುವ ಮುಂಚೆ ಹೀಗೇ ಒಂದು ಪಟ್ಟಿ ಇರುತ್ತದಂತೆ. ನೀರಿನ ಮಟ್ಟ ನೋಡು, ಒಳಗೆ ಉಳಿದ ಗ್ಯಾಸನ್ನು ಗಾಳಿ ಬಿಟ್ಟು ಹೊರಹಾಕು, ಆಮೇಲೆ ಬೆಂಕಿ ಹಚ್ಚು. ಒಂದು ಹೆಜ್ಜೆ ಬಿಟ್ಟರೆ ಕೆಳಗೆ ನಿಂತವರ ಜೀವಕ್ಕೇ ಅಪಾಯ. ಅಪ್ಪ ಇದನ್ನು ನಮಗೆ ಚಿಕ್ಕಂದಿನಿಂದ ಹೇಳಿಕೊಂಡೇ ಬಂದಿದ್ದರು.

ಆದರೆ ಫೈಲಿನಲ್ಲಿದ್ದ ಅಪ್ಪನ ಪಟ್ಟಿ 2005ರದ್ದು. ಆಗ ಪೆನ್ಶನ್ ಬ್ಯಾಂಕಿನ ಮೂಲಕ ಬರುತ್ತಿತ್ತು, ಹಾಗಾಗಿ 'ಮೊದಲು ಬ್ಯಾಂಕ್ ಮ್ಯಾನೇಜರನ್ನು ಕಾಣಿ' ಅಂತ ಇತ್ತು. ಈಗ ರಕ್ಷಣಾ ಪೆನ್ಶನ್ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಬ್ಯಾಂಕ್ ಬರೀ ಹಣ ಬಂದು ಬೀಳುವ ಜಾಗ. ನಾನು ಇದನ್ನು ತಿಳಿಯದೆ ಬ್ಯಾಂಕಿಗೆ ನಾಲ್ಕು ಸಲ ಹೋದೆ. ಪ್ರತಿ ಸಲವೂ ಬೇರೆ ಬೇರೆ ಫಾರ್ಮ್ ಕೊಟ್ಟರು. ನಾಲ್ಕನೇ ಸಲ ಜಂಟಿ ಖಾತೆಯನ್ನೇ ತಡೆಹಿಡಿದರು. ಅವ್ವನ ಕೈಯಲ್ಲಿ ಮನೆ ಖರ್ಚಿಗೆ ಹಣ ಇರಲಿಲ್ಲ. ತಡೆ ತೆಗೆಸಲು ಹನ್ನೊಂದು ದಿನ ಹಿಡಿಯಿತು.

ಜನವರಿ ತಿಂಗಳ ಪೆನ್ಶನ್ 31ರಂದು ಪೂರ್ತಿಯಾಗಿ ಬಂದಿತ್ತು. ಆ ಹಣವನ್ನು ಮುಟ್ಟಬೇಡಿ. ತೀರಿಕೊಂಡ ದಿನದವರೆಗಿನದ್ದು ಮಾತ್ರ ನಮ್ಮದು. ಉಳಿದದ್ದನ್ನು ವಾಪಸ್ ಹಿಡಿಯುತ್ತಾರೆ. ಎಟಿಎಂನಿಂದ ತೆಗೆದು ಖರ್ಚು ಮಾಡಿಬಿಟ್ಟರೆ ಆಮೇಲೆ ಲೆಕ್ಕ ಹೊಂದಿಸುವುದು ತಲೆನೋವು. ನಾವು ಮುಟ್ಟಿರಲಿಲ್ಲ. ಅಣ್ಣ ಬೆಂಗಳೂರಿನಿಂದ ತಿಂಗಳು ತಿಂಗಳು ಕಳಿಸುತ್ತಿದ್ದ.

ಮರಣ ಪ್ರಮಾಣಪತ್ರದ ಬಗ್ಗೆ ಒಂದು ಮಾತು. 21 ದಿನದೊಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹೋದರೆ ಅವರೇ ಮಾಹಿತಿ ಕಳಿಸುತ್ತಾರೆ. ಆದರೆ ಹೆಸರನ್ನು ಹೇಗೆ ಬರೆದು ಕಳಿಸುತ್ತಿದ್ದಾರೆ ಎಂದು ನೀವು ಅಲ್ಲೇ ನಿಂತು ನೋಡಬೇಕು. ಆ ಹೊತ್ತಿನಲ್ಲಿ ಯಾರಿಗೂ ಮನಸ್ಸು ನೆಟ್ಟಗಿರುವುದಿಲ್ಲ, ಗೊತ್ತು. ನೆಂಟರಲ್ಲಿ ಒಬ್ಬರಿಗೆ ಈ ಕೆಲಸ ಒಪ್ಪಿಸಿ. ನಮ್ಮಲ್ಲಿ ಅಪ್ಪನ ಹೆಸರನ್ನು ಇನಿಶಿಯಲ್ ಹಾಕಿ ಬರೆದಿದ್ದರು. ಸೇವಾ ದಾಖಲೆಯಲ್ಲಿ ಅಜ್ಜನ ಹೆಸರು, ಮನೆತನದ ಹೆಸರು ಎಲ್ಲ ಬಿಡಿಸಿ ಇದೆ. ತಿದ್ದಿಸಲು ಎರಡು ವಾರ ಹೋಯಿತು. ಪ್ರತಿಗಳನ್ನು ಹತ್ತು ಮಾಡಿಸಿಟ್ಟುಕೊಳ್ಳಿ. ನಮ್ಮಲ್ಲಿ ಈಗ ಒಂದೇ ಉಳಿದಿದೆ.

ನಮಗೆ ದಾರಿ ತೋರಿಸಿದವರು ಓಣಿಯ ಕೊನೆಯ ಮನೆಯ ಸುಬೇದಾರ್ ಕಾಕಾ. ಮರಾಠಾ ರೆಜಿಮೆಂಟಿನಿಂದ ನಿವೃತ್ತರಾದವರು. ಬೆಳಗಾವಿಯಲ್ಲಿ ಓಣಿಗೊಬ್ಬರು ಮಾಜಿ ಸೈನಿಕರು ಸಿಗುತ್ತಾರೆ, ಅದು ನಮ್ಮ ಪುಣ್ಯ. 'ಬ್ಯಾಂಕ್ ಬಿಡವಾ, ಮೊದಲ ಸ್ಪರ್ಶ್‌ನಾಗ ಸಾವು ತಿಳಸು' ಅಂದರು. ಆ ಪೋರ್ಟಲ್ಲಿನಲ್ಲಿ ಪಿಂಚಣಿದಾರರ ಸಾವನ್ನು ಮನೆಯವರು ತಿಳಿಸಲು ದಾರಿ ಇದೆ. ಮನೆಯಲ್ಲೇ ಮಾಡಬಹುದು, ಇಲ್ಲವೇ ಸೇವಾ ಕೇಂದ್ರಕ್ಕೆ ಹೋಗಬಹುದು. ಪಿಪಿಒ ಅಂದರೆ ಪೆನ್ಶನ್ ಆದೇಶದ ನಂಬರ್, ಮರಣ ಪ್ರಮಾಣಪತ್ರ, ಅವ್ವನ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ ಬೇಕಾದವು. ಅಪ್ಪನ ಸರ್ವಿಸ್ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇದೆ. ಅದೂ ನಂಬರಿನದೇ ಭಾಗ. ನಾನು ಮೊದಲ ಸಲ ಅದನ್ನು ಬಿಟ್ಟು ತುಂಬಿದ್ದೆ.

ಫೆಬ್ರವರಿ 14ಕ್ಕೆ ಎಲ್ಲ ಕಳಿಸಿ ನಿರಾಳವಾದೆ. ಹೆಂಡತಿಯ ಹೆಸರು ಮೊದಲೇ ಪಿಪಿಒದಲ್ಲಿ ಇದ್ದರೆ ಫ್ಯಾಮಿಲಿ ಪೆನ್ಶನ್ ಶುರುವಾಗುವುದು ಕಷ್ಟವಲ್ಲ ಎಂದು ಕಾಕಾ ಹೇಳಿದ್ದರು. ಅವ್ವನ ಹೆಸರು ಇತ್ತು. ಇದ್ದದ್ದೇ ಸಮಸ್ಯೆಯಾಯಿತು.

ಮಾರ್ಚ್‌ನಲ್ಲಿ ಉತ್ತರ ಬಂತು. ಪಿಪಿಒದಲ್ಲಿರುವ ಹೆಸರು ಒಂದು, ಆಧಾರ್‌ನಲ್ಲಿರುವ ಹೆಸರು ಇನ್ನೊಂದು. ಹುಟ್ಟಿದ ತಾರೀಖೂ ಬೇರೆ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ ಗಂಡನ ಕೈಯಿಂದ ಬರೆಸುತ್ತಾರೆ. 1978ರಲ್ಲಿ ಅವ್ವನ ಮದುವೆಯಲ್ಲೂ ಹಾಗೇ ಆಯಿತು. ಅಪ್ಪ ಅಕ್ಕಿಯಲ್ಲಿ ಬರೆದ ಹೆಸರನ್ನೇ ನೌಕಾಪಡೆಯ ದಾಖಲೆಗೂ ಕೊಟ್ಟರು. 27 ವರ್ಷ ಎಲ್ಲ ಕ್ವಾರ್ಟರ್ಸ್‌ಗಳಲ್ಲಿ, ಎಲ್ಲ ಹಡಗಿನವರ ಮನೆಗಳಲ್ಲಿ ಅವ್ವನನ್ನು ಕರೆದದ್ದು ಅದೇ ಹೆಸರಿನಿಂದ. ಬೆಳಗಾವಿಗೆ ಬಂದ ಮೇಲೆ ಆಧಾರ್ ಮಾಡಿಸುವಾಗ ದಾಖಲೆ ಕೇಳಿದರು. ಅವ್ವನ ಹತ್ತಿರ ಇದ್ದದ್ದು ಏಳನೆಯ ಇಯತ್ತೆಯ ಶಾಲಾ ಸರ್ಟಿಫಿಕೇಟ್. ಅದರಲ್ಲಿ ತವರಿನ ಹೆಸರು. ಹುಟ್ಟಿದ್ದು ಜೂನ್ 1. ಆ ಕಾಲದ ಎಷ್ಟೋ ಮಕ್ಕಳಿಗೆ ಮಾಸ್ತರರು ಹಾಕಿದ ತಾರೀಖು ಅದೇ, ಅಲ್ವಾ?

'ನನ್ನ ಹೆಸರು ಯಾವುದಂತ ನನ್ನ ಕೇಳಿದ್ರ ಸಾಕಿತ್ತಲ್ಲ' ಅಂದಳು ಅವ್ವ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಒಂದು ವಾಲ್ವ್ ಸೋರಿದರೆ ರಾತ್ರಿಯೆಲ್ಲ ನಿದ್ದೆ ಮಾಡದ ಮನುಷ್ಯ, ಹೆಂಡತಿಯ ಹೆಸರು ಎರಡಿದೆ ಎಂದು ಪಟ್ಟಿಯಲ್ಲಿ ಯಾಕೆ ಬರೆಯಲಿಲ್ಲ? ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಇಳಿಸುವುದಾದರೂ ಎಲ್ಲಿ? ಎರಡು ದಿನ ಅವರ ಫೋಟೋದ ಕಡೆ ನೋಡಲಿಲ್ಲ.

ಎರಡೂ ಹೆಸರು ಒಬ್ಬಳದೇ ಎಂದು ತೋರಿಸಲು ಹಳೆಯ ಕಾಗದ ಬೇಕಿತ್ತು. ಹಾಗಾಗಿ ಅಟ್ಟದ ಮೇಲಿದ್ದ ಕಪ್ಪು ಟ್ರಂಕ್ ಇಳಿಸಿದೆವು. ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ರ‍್ಯಾಂಕ್ ಬರೆದಿದ್ದ ಟ್ರಂಕ್. ಲೆಫ್ಟಿನೆಂಟ್ ಎಂದು ಬರೆದದ್ದನ್ನು ಹೊಡೆದು ಲೆಫ್ಟಿನೆಂಟ್ ಕಮಾಂಡರ್, ಅದನ್ನೂ ಹೊಡೆದು ಕಮಾಂಡರ್. ನಾನು ಮತ್ತು ಅವ್ವ ನಾಲ್ಕು ಭಾನುವಾರ ಅದರ ಮುಂದೆ ಕೂತೆವು. ಕಾಗದ ಹುಡುಕಲು ಕೂತವರು ಓದುತ್ತಾ ಕೂತುಬಿಟ್ಟೆವು.

ಎಲ್ಲಕ್ಕಿಂತ ಕೆಳಗೆ ಬಿಜಾಪುರದ ಸೈನಿಕ ಶಾಲೆಯ ಕಾಗದ. ಆ ಶಾಲೆ ಶುರುವಾದದ್ದು 1963ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಸೇರಿದ ಹುಡುಗರಲ್ಲಿ ಅಪ್ಪನೂ ಒಬ್ಬರು. ಆಗ ಅವರಿಗೆ 12 ವರ್ಷ. ಕೃಷ್ಣಾ ದಂಡೆಯ ಹಳ್ಳಿಯಿಂದ ಬಂದವರು, ಹೊಳೆ ಬಿಟ್ಟರೆ ಬೇರೆ ನೀರು ನೋಡಿದವರಲ್ಲ. ಆ ಹಳ್ಳಿ ಈಗ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಆಮೇಲೆ ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಲ್ಲಿಂದ ಲೋಣಾವಳದ ಐಎನ್‌ಎಸ್ ಶಿವಾಜಿ. ಹೆಸರಿಗೆ ಐಎನ್‌ಎಸ್, ಆದರೆ ಅದು ಹಡಗಲ್ಲ. ಗುಡ್ಡದ ಮೇಲಿನ ತರಬೇತಿ ಕೇಂದ್ರ. ನೌಕಾಪಡೆಯ ಇಂಜಿನಿಯರುಗಳು ತಯಾರಾಗುವುದು ಅಲ್ಲಿ.

ಒಂದು ಪ್ಲಾಸ್ಟಿಕ್ ಕವರಿನಲ್ಲಿ ವಿಕ್ರಾಂತ್ ಎಂಬ ವಿಮಾನವಾಹಕ ಹಡಗಿನ ಕಾಗದಗಳು. 1961ರಲ್ಲಿ ನೌಕಾಪಡೆಗೆ ಸೇರಿದ ಮೊದಲ ವಿಕ್ರಾಂತ್, ಈಗಿನದ್ದಲ್ಲ. ಅದರಲ್ಲಿ ಬಾಯ್ಲರ್ ರೂಂ ವಾಚ್, ಅಂದರೆ ಅಲ್ಲಿನ ಪಾಳಿ, ಒಬ್ಬರೇ ನೋಡಿಕೊಳ್ಳಬಲ್ಲರು ಎಂಬ ಸರ್ಟಿಫಿಕೇಟ್. ಎಣ್ಣೆಯ ಕಲೆ ಈಗಲೂ ಇದೆ. 1971ರ ಯುದ್ಧದ ಹೊತ್ತಿಗೆ ಅಪ್ಪ ಇನ್ನೂ ತರಬೇತಿಯಲ್ಲಿದ್ದರು. ಆದರೆ ಆ ಕತೆಯನ್ನು ತಾವೇ ಅಲ್ಲಿದ್ದವರಂತೆ ಹೇಳುತ್ತಿದ್ದರು. ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದಕ್ಕೆ ಬಿರುಕು ಬಿದ್ದಿತ್ತು. ಉಳಿದ ಮೂರನ್ನು ನಂಬಿಕೊಂಡು, ವೇಗ ಕಮ್ಮಿ ಮಾಡಿ, ಬಂಗಾಳಕೊಲ್ಲಿಗೆ ಒಯ್ದರು. ಡಿಸೆಂಬರ್ 4ರಂದು ಅದರ ಮೇಲಿಂದ ಹಾರಿದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. 'ಎಲ್ಲರೂ ಮೇಲಿನ ವಿಮಾನ ನೋಡ್ತಾರ. ಕೆಳಗ ಗೇಜ್ ನೋಡ್ಕೊಂತ ನಿಂತವರನ್ನ ಯಾರು ನೋಡ್ತಾರ?' ಎಂದು ಅಪ್ಪ ಕೇಳುತ್ತಿದ್ದರು.

ಮುಂದೆ ತಾವೂ ಅದೇ ಬಾಯ್ಲರ್ ರೂಮಿನಲ್ಲಿ ನಿಂತರು. ನಡುರಾತ್ರಿ 12ರಿಂದ 4ರವರೆಗಿನ ವಾಚ್. ಒಳಗೆ ಕುದಿಯುವ ಸೆಕೆ, ಬಿಸಿ ಎಣ್ಣೆಯ ವಾಸನೆ. ಮಾತು ಕೇಳಿಸದಷ್ಟು ಸದ್ದು. ಅಪ್ಪನಿಗೆ ಎಡಕಿವಿ ಮಂದವಾದದ್ದು ಅಲ್ಲೇ. ಊಟಕ್ಕೆ ಕೂತಾಗ ನಾವು ಯಾವಾಗಲೂ ಅವರ ಬಲಕ್ಕೇ ಕೂರುತ್ತಿದ್ದೆವು. 1997ರ ಜನವರಿ 31ರಂದು ವಿಕ್ರಾಂತ್ ನಿವೃತ್ತಿಯಾದಾಗಿನ ಪೇಪರ್ ಕತ್ತರಿಕೆ ಆ ಕವರಿನಲ್ಲಿತ್ತು. 2014ರಲ್ಲಿ ಮುಂಬೈಯಲ್ಲಿ ಅದನ್ನು ಒಡೆಯತೊಡಗಿದರು. ಆ ಸುದ್ದಿಯ ಕತ್ತರಿಕೆ ಇರಲಿಲ್ಲ. ಆ ವಾರ ಅಪ್ಪ ಪೇಪರನ್ನೇ ಮುಟ್ಟಿರಲಿಲ್ಲ ಎಂದು ಅವ್ವ ನೆನಪಿಸಿದಳು.

ವಿಕ್ರಾಂತ್ ಆದ ಮೇಲೆ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹಿಮಗಿರಿ ಯುದ್ಧನೌಕೆ, ಮುಂಬೈ ಡಾಕ್‌ಯಾರ್ಡ್, ವಿಶಾಖಪಟ್ಟಣ, ಮತ್ತೆ ಲೋಣಾವಳದಲ್ಲಿ ಪಾಠ ಹೇಳುವ ಕೆಲಸ. ವರ್ಗಾವಣೆ ಆದೇಶಗಳನ್ನು ವರ್ಷದ ಪ್ರಕಾರ ಜೋಡಿಸಿಟ್ಟಿದ್ದರು. ಅಣ್ಣ ಆರು, ನಾನು ಐದು ಶಾಲೆ ಬದಲಿಸಿದವರು. ಕೊನೆಯ ಆದೇಶ ಕಾರವಾರಕ್ಕೆ. ಅಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರ ಮೇ 31ಕ್ಕೆ. ಅದಾಗಿ ಸರಿಯಾಗಿ ಒಂದು ತಿಂಗಳಿಗೆ ಅಪ್ಪ ಸಮವಸ್ತ್ರ ಬಿಚ್ಚಿಟ್ಟರು. ಅಲ್ಲಿನ ಶಿಪ್ ಲಿಫ್ಟ್ 10,000 ಟನ್ ಭಾರದ ಹಡಗನ್ನು ನೀರಿನಿಂದ ಎತ್ತಿ ನೆಲಕ್ಕೆ ತರುತ್ತದೆ. ಅದರ ಬಗ್ಗೆ ಕೇಳಿದರೆ ಅಪ್ಪನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕನ್ನಡ ಮಾತಾಡುವ ಊರಿನಲ್ಲಿ ಕೆಲಸ ಮಾಡಿದ್ದು ಅದೊಂದೇ ಸಲ.

ನಾಲ್ಕನೇ ಭಾನುವಾರ, ಮುಂಬೈಯ ನೌಕಾ ಆಸ್ಪತ್ರೆ ಅಶ್ವಿನಿಯಲ್ಲಿ ಅಣ್ಣ ಹುಟ್ಟಿದಾಗಿನ ಕಾಗದದ ಹಿಂದೆ ಒಂದು ಕಾರ್ಬನ್ ಪ್ರತಿ ಸಿಕ್ಕಿತು. 1978ರದ್ದು. ಅಪ್ಪ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದ ಅರ್ಜಿ. ತನಗೆ ಮದುವೆಯಾಗಿದೆ, ಹೆಂಡತಿಯ ಮೊದಲಿನ ಹೆಸರು ಇಂಥದ್ದು, ಮದುವೆಯ ನಂತರದ ಹೆಸರು ಇಂಥದ್ದು, ಎರಡನ್ನೂ ದಾಖಲೆಯಲ್ಲಿ ಬರೆದುಕೊಳ್ಳಬೇಕು ಅಂತ.

ಅಪ್ಪ ಬಿಟ್ಟಿರಲಿಲ್ಲ. 47 ವರ್ಷದಲ್ಲಿ ಎಷ್ಟೋ ಮೇಜು, ಎಷ್ಟೋ ರಿಜಿಸ್ಟರ್, ಆಮೇಲೆ ಕಂಪ್ಯೂಟರ್. ಆ ಮೊದಲಿನ ಹೆಸರು ಎಲ್ಲಿ ಕಳಚಿ ಬಿತ್ತೋ. ನಾನು ಆ ಹಾಳೆ ಹಿಡಿದು ಅತ್ತೆ. ಅವ್ವ ಅಳಲಿಲ್ಲ. ಸೆರಗಿನಿಂದ ಹಾಳೆಯ ಧೂಳು ಒರೆಸಿದಳು.

ಈಗ ಮುಂದಿನ ದಾರಿ. ಇಂಥ ಸಂದರ್ಭದಲ್ಲಿ ಎರಡು ಉಪಾಯ ಇವೆ. ಆಧಾರ್ ತಿದ್ದಿಸುವುದು, ಇಲ್ಲವೇ ಸೇವಾ ದಾಖಲೆ ತಿದ್ದಿಸುವುದು. ಆಧಾರ್ ಮುಟ್ಟಿದರೆ ಪ್ಯಾನ್, ಬ್ಯಾಂಕ್, ಮನೆಯ ಪತ್ರ ಎಲ್ಲವನ್ನೂ ಮುಟ್ಟಬೇಕು. ಸೇವಾ ದಾಖಲೆಗೆ ಆಧಾರ್‌ನ ಹೆಸರು ಹಾಕಿಸುವುದೇ ಸುಲಭ ಎಂದು ಕಾಕಾ ಹೇಳಿದರು. ಅವ್ವ ಒಪ್ಪಲಿಲ್ಲ. 'ಅವರು ಬರೆದ ಹೆಸರು ಹೊಡದು ಹಾಕಬ್ಯಾಡ್ರಿ' ಅಂದಳು. ಆಗ ವಕೀಲರೊಬ್ಬರು ಮೂರನೆಯದನ್ನು ಹೇಳಿದರು. ಎರಡೂ ಹೆಸರು ಇಟ್ಟು ನಡುವೆ ಉರ್ಫ್ ಹಾಕಿಸಿ.

ಏಪ್ರಿಲ್‌ನಲ್ಲಿ ನೂರು ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆವು. ಎರಡು ಹೆಸರಿನವಳೂ ಒಬ್ಬಳೇ, ಎರಡು ತಾರೀಖಿನವಳೂ ಒಬ್ಬಳೇ ಎಂದು. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು. ಪ್ರಕಟಣೆಯ ಪುಟವನ್ನು ಪೂರ್ತಿ ಇಟ್ಟುಕೊಳ್ಳಿ. ಕತ್ತರಿಸಿದ ತುಂಡು ನಡೆಯುವುದಿಲ್ಲ ಎಂದು ನಮ್ಮದನ್ನು ವಾಪಸ್ ಕಳಿಸಿದರು. ಜೊತೆಗೆ ಶಾಲಾ ಸರ್ಟಿಫಿಕೇಟ್, ಅಣ್ಣನ ಜನನದ ಕಾಗದ, ಮದುವೆ ಕರೆಯೋಲೆ, ಆ ಕಾರ್ಬನ್ ಪ್ರತಿ. ಎಲ್ಲಕ್ಕೂ ಗೆಜೆಟೆಡ್ ಅಧಿಕಾರಿಯ ಸಹಿ. ಮೇ 6ಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆ. ಜೂನ್ ಎರಡನೇ ವಾರ ವಾಪಸ್ ಬಂತು. ಪತ್ರಿಕೆಯದ್ದು ಒಂದು ಕಾರಣ, ಅಫಿಡವಿಟ್ಟಿನ ಎರಡನೇ ಪುಟದಲ್ಲಿ ಸಹಿ ಇಲ್ಲದ್ದು ಇನ್ನೊಂದು. ಪ್ರತಿ ಪುಟದಲ್ಲೂ ಸಹಿ ಇರಲಿ, ನೋಟರಿಯ ಮುದ್ರೆಯೂ ಇರಲಿ. ಒಂದು ಸಹಿಗಾಗಿ ನಮಗೆ ಐದು ವಾರ ಹೋಯಿತು.

ಖರ್ಚು ಕೇಳುವವರಿಗೆ ಹೇಳುತ್ತೇನೆ. ಅಫಿಡವಿಟ್, ನೋಟರಿ, ಎರಡು ಪ್ರಕಟಣೆ, ಜೆರಾಕ್ಸ್, ಪೋಸ್ಟ್, ಓಡಾಟ ಸೇರಿ ₹7,200 ಚಿಲ್ಲರೆ ಆಯಿತು. ನಾನು ಶಾಲೆಗೆ ಹಾಕಿದ ರಜೆ 16 ದಿನ. ಯಾರಿಗೂ ಲಂಚ ಕೊಡಲಿಲ್ಲ. ಒಬ್ಬ ಏಜೆಂಟ್ ಹದಿನೈದು ಸಾವಿರಕ್ಕೆ ಮಾಡಿಸಿಕೊಡುತ್ತೇನೆ ಎಂದು ಬಂದಿದ್ದ. ಅವನು ಕೇಳಿದ್ದು ಅವ್ವನ ಮೊಬೈಲಿನ ಒಟಿಪಿ. ದಯವಿಟ್ಟು ಇಂಥವರನ್ನು ಮನೆಯೊಳಗೆ ಬಿಡಬೇಡಿ.

ಕಾಯುವ ದಿನಗಳಲ್ಲಿ ಉಳಿದ ಕೆಲಸ ಮಾಡಿದೆವು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡಿನಲ್ಲಿ ಅವ್ವ ಅಪ್ಪನ ಅವಲಂಬಿತೆ ಎಂದಿತ್ತು. ಗಂಡ ಹೋದ ಮೇಲೆ ಹೆಂಡತಿಯೇ ಮುಖ್ಯ ಸದಸ್ಯೆ ಆಗಬೇಕು, ಅದಕ್ಕೆ ಬೇರೆ ಅರ್ಜಿ. ಅದೂ ಹೆಸರಿನ ಮೇಲೇ ನಿಂತಿತು. ನಾಲ್ಕು ತಿಂಗಳು ಬಿಪಿ, ಸಕ್ಕರೆಯ ಮಾತ್ರೆ ಹೊರಗೆ ಕೊಂಡೆವು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವ್ವನಿಗೆ ಬೇರೆ ಗುರುತಿನ ಚೀಟಿ ಮಾಡಿಸಿದೆವು. ಅಲ್ಲಿಗೆ ಮೊದಲೇ ಹೋಗಿ. ನಾನು ಜೂನ್‌ನಲ್ಲಿ ಹೋದೆ, ಫೆಬ್ರವರಿಯಲ್ಲೇ ಹೋಗಬೇಕಿತ್ತು. ಕೂರಿಸಿ, ನೀರು ಕೊಟ್ಟು, ಪತ್ರ ಹೇಗೆ ಬರೆಯಬೇಕು ಎಂದು ಹೇಳಿಕೊಟ್ಟವರು ಅಲ್ಲಿನ ಒಬ್ಬ ಗುಮಾಸ್ತರು.

ಹಣದ ವಿಚಾರವನ್ನು ಮುಂಚೆಯೇ ತಿಳಿದುಕೊಳ್ಳಿ. ಅಪ್ಪನ ಪೆನ್ಶನ್ ಸಂಬಳದ ಶೇ. 50ರ ಲೆಕ್ಕದ್ದು. ಸಾಮಾನ್ಯ ಫ್ಯಾಮಿಲಿ ಪೆನ್ಶನ್ ಶೇ. 30ರದ್ದು. ಅಂದರೆ ಅಪ್ಪನಿಗೆ ನೂರು ರೂಪಾಯಿ ಬರುತ್ತಿದ್ದಲ್ಲಿ ಅವ್ವನಿಗೆ ಅರವತ್ತು. ನಿವೃತ್ತರಾದ ಮೇಲೆ ತೀರಿಕೊಂಡವರ ಮನೆಯವರಿಗೆ ಏಳು ವರ್ಷ, ಅಥವಾ ತೀರಿಕೊಂಡವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜಾಸ್ತಿ ದರ ಸಿಗುತ್ತದೆ. ಅಪ್ಪನ ವಯಸ್ಸು ಅದನ್ನು ದಾಟಿತ್ತು. ಅವ್ವನಿಗೆ 80 ತುಂಬಿದರೆ ಶೇ. 20 ಹೆಚ್ಚಾಗುತ್ತದೆ. ಹುಟ್ಟಿದ ತಾರೀಖು ಸರಿ ಮಾಡಿಸಬೇಕಾದದ್ದು ಇದಕ್ಕೂ ಹೌದು. ಕೆಲಸ ಎಷ್ಟು ತಡವಾದರೂ ಪೆನ್ಶನ್ ಲೆಕ್ಕ ಹಾಕುವುದು ತೀರಿಕೊಂಡ ಮರುದಿನದಿಂದ. ಕಾಯುವಾಗ ನನಗೆ ಧೈರ್ಯ ಕೊಟ್ಟದ್ದು ಇದೊಂದೇ.

ಈ ಬರಹ ಓದುತ್ತಿರುವವರ ಮನೆಯಲ್ಲಿ ಪಿಂಚಣಿದಾರರು ಇನ್ನೂ ಇದ್ದರೆ, ಇವತ್ತೇ ಅವರ ಪಿಪಿಒ ತೆಗೆಸಿ. ಹೆಂಡತಿಯ ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಅವರ ಕೈಯಿಂದಲೇ ಅರ್ಜಿ ಹಾಕಿಸಿ. ಇದ್ದವರು ಒಂದು ಸಹಿಯಲ್ಲಿ ಮಾಡುವ ಕೆಲಸಕ್ಕೆ ನಾವು ನಾಲ್ಕು ಭಾನುವಾರ ಟ್ರಂಕ್ ತೆರೆದು ಕೂತೆವು.

ಜುಲೈ ಕೊನೆಗೆ ತಿದ್ದುಪಡಿಯಾದ ಪಿಪಿಒ ಬಂತು. ಪ್ರಿಂಟ್ ತೆಗೆದು ಅವ್ವನ ಕೈಗೆ ಕೊಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ತವರಿನ ಹೆಸರು, ಉರ್ಫ್, ಮದುವೆಯ ಹೆಸರು. ಆಮೇಲೆ ನೀಲಿ ಫೈಲ್ ತರಲು ಹೇಳಿದಳು. ಅಪ್ಪನ ಪಟ್ಟಿಯಲ್ಲಿ 11ರ ಕೆಳಗೆ ಜಾಗ ಖಾಲಿ ಇತ್ತು. ಅಲ್ಲಿ 12 ಎಂದು ಹಾಕಿ, ಎರಡೂ ಹೆಸರನ್ನು ಬರೆಯಲು ನನಗೆ ಪೆನ್ ಕೊಟ್ಟಳು. ಕಾರ್ಬನ್ ಪ್ರತಿಯನ್ನು ಅದರ ಹಿಂದೆ ಇಟ್ಟು ಫೈಲ್ ಮುಚ್ಚಿದಳು.